ಮಗುವಿಗೆ ಜ್ವರ ಬಂದಾಗ ಎಲ್ಲಿ ಹುಡುಕಬೇಕು? ಗೂಗಲ್‌ನಿಂದ ಚಾಟ್‌ಬಾಟ್‌ವರೆಗೆ ಒಂದು ಹೋಲಿಕೆ

ಓದುಗರು ಕಳಿಸುವ ಪ್ರಶ್ನೆಗಳಲ್ಲಿ ಇದೊಂದು ಮತ್ತೆ ಮತ್ತೆ ಬರುತ್ತದೆ. ರಾತ್ರಿ ಮಗುವಿನ ಮೈ ಸುಡುತ್ತಿದೆ. ಗೂಗಲ್ ಮಾಡಿದರೆ ಭಯ ಹುಟ್ಟುತ್ತದೆ. ಅಪ್ಪ ಅಮ್ಮಂದಿರ ಗ್ರೂಪಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಥರ ಹೇಳುತ್ತಾರೆ. ಚಾಟ್‌ಬಾಟ್ ಅಚ್ಚುಕಟ್ಟಾಗಿ ಉತ್ತರ ಕೊಡುತ್ತದೆ, ಆದರೆ ನಂಬಬಹುದಾ ಅಂತ ಗೊತ್ತಾಗುವುದಿಲ್ಲ. ಹಾಗಾದರೆ ಯಾವುದನ್ನು ನೋಡುವುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. "ಇದು ಯಾವ ಜ್ವರ?" ಅನ್ನುವ ಪ್ರಶ್ನೆಯನ್ನು ಇಂಟರ್ನೆಟ್ಟಿಗೆ ಕೇಳಿ ಪ್ರಯೋಜನವಿಲ್ಲ. ಮಗುವನ್ನು ನೋಡದೆ, ಮುಟ್ಟದೆ ಅದನ್ನು ಯಾರೂ ಹೇಳಲಾರರು. "ಈಗಲೇ ಹೊರಡಬೇಕಾ, ಬೆಳಗಿನವರೆಗೆ ಕಾಯಬಹುದಾ?" ಅನ್ನುವ ಪ್ರಶ್ನೆಗೆ ಮಾತ್ರ ತಕ್ಕಮಟ್ಟಿನ ಉತ್ತರ ಸಿಗುತ್ತದೆ. ಈ ಹೋಲಿಕೆ ಮಾಡಿರುವುದು ಆ ಎರಡನೇ ಪ್ರಶ್ನೆಗಾಗಿ.

ಫೋನ್ ಕೆಳಗಿಡಬೇಕಾದ ಹೊತ್ತು

ಕೆಲವು ಸಲ ಹುಡುಕುವುದೇ ತಪ್ಪು. ಮಗುವಿಗೆ ಮೂರು ತಿಂಗಳು ತುಂಬಿಲ್ಲ, ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಜಾಸ್ತಿ ಇದೆ ಅಂದರೆ ನೇರ ಡಾಕ್ಟರ ಹತ್ತಿರ ಹೋಗಿ. ಅಷ್ಟು ಚಿಕ್ಕ ಮಕ್ಕಳಲ್ಲಿ ಗಂಭೀರ ಸೋಂಕು ಇದ್ದರೂ ಜ್ವರ ಬಿಟ್ಟು ಬೇರೇನೂ ಕಾಣಿಸದೇ ಇರಬಹುದು.

ವಯಸ್ಸು ಎಷ್ಟೇ ಇರಲಿ, ಇವು ಕಂಡರೂ ಅಷ್ಟೇ: ಎಬ್ಬಿಸಿದರೂ ಸರಿಯಾಗಿ ಎಚ್ಚರ ಆಗುವುದಿಲ್ಲ, ಉಸಿರಾಡಲು ಕಷ್ಟಪಡುತ್ತಿದೆ, ತುಟಿ ನೀಲಿಯಾಗಿದೆ ಅಥವಾ ಬಿಳಿಚಿಕೊಂಡಿದೆ, ಫಿಟ್ಸ್ ಬಂದಿದೆ, ಕುತ್ತಿಗೆ ಬಿಗಿಯಾಗಿದೆ, ನೆತ್ತಿಯ ಮೆತ್ತನೆ ಜಾಗ ಉಬ್ಬಿದೆ, ಕುಡಿದದ್ದೆಲ್ಲ ವಾಂತಿ ಆಗುತ್ತಿದೆ ಅಥವಾ ಏನೂ ಕುಡಿಯುತ್ತಲೇ ಇಲ್ಲ, ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು ಎದ್ದಿವೆ. ಚುಕ್ಕೆಯ ಮೇಲೆ ಗಾಜಿನ ಲೋಟ ಒತ್ತಿ ನೋಡುವುದು ಒಂದು ಸುಲಭ ಪರೀಕ್ಷೆ. ಕಪ್ಪು ಅಥವಾ ಗೋಧಿ ಬಣ್ಣದ ಮೈಯಲ್ಲಿ ಈ ಚುಕ್ಕೆಗಳು ಬೇಗ ಕಾಣುವುದಿಲ್ಲ. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗ ನೋಡಿ.

ಪಟ್ಟಿಯಲ್ಲಿ ಏನೂ ಇಲ್ಲ, ಆದರೂ "ಇವನು ಎಂದಿನ ಹಾಗಿಲ್ಲ" ಅಂತ ಮನಸ್ಸಿಗೆ ಅನ್ನಿಸುತ್ತಿದೆಯೇ? ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೆತ್ತವರ ಆತಂಕವನ್ನು ಹಗುರವಾಗಿ ನೋಡಬಾರದು ಅಂತ ಡಾಕ್ಟರುಗಳಿಗೆ ಇರುವ ಮಾರ್ಗಸೂಚಿಗಳೇ ಹೇಳುತ್ತವೆ.

ಯಾವ ಅಳತೆಗೋಲಿನಿಂದ ಅಳೆಯುವುದು

ಯಾವುದೇ ಪುಟ, ಆ್ಯಪ್, ವಿಡಿಯೊ ಸಿಕ್ಕರೂ ನಾನು ಮೊದಲು ನೋಡುವುದು ಒಂದೇ: ಅದು ವಯಸ್ಸು ಕೇಳುತ್ತದಾ? ಎರಡು ತಿಂಗಳ ಮಗುವಿನ 38.5 ಬೇರೆ, ಮೂರು ವರ್ಷದ ಮಗುವಿನ 38.5 ಬೇರೆ. ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಮೂರು ತಿಂಗಳ ಒಳಗಿನವರಿಗೆ 38, ಮೂರರಿಂದ ಆರು ತಿಂಗಳವರಿಗೆ 39 ಅಂತ ಗೆರೆ ಎಳೆದಿದ್ದಾರೆ. ಆರು ತಿಂಗಳು ದಾಟಿದ ಮೇಲೆ ಬರೀ ಥರ್ಮಾಮೀಟರ್ ನೋಡಿ ಕಾಯಿಲೆ ಎಷ್ಟು ಗಂಭೀರ ಅಂತ ತೀರ್ಮಾನಿಸಬೇಡಿ ಅನ್ನುತ್ತದೆ ಅದೇ ಮಾರ್ಗಸೂಚಿ. ವಯಸ್ಸಿನ ಸುದ್ದಿ ಎತ್ತದೆ "103 ಫ್ಯಾರನ್‌ಹೀಟ್ ಅಂದರೆ ಅಪಾಯ" ಅಂತ ಬರೆದ ಪುಟವನ್ನು ಅಲ್ಲೇ ಮುಚ್ಚಬಹುದು.

ಎರಡನೆಯದು, ಮಗುವಿನ ನಡವಳಿಕೆ. ಕುಡಿಯುತ್ತಿದೆಯಾ, ಮೂತ್ರ ಮಾಡುತ್ತಿದೆಯಾ, ಜ್ವರ ಸ್ವಲ್ಪ ಇಳಿದಾಗ ಆಡುತ್ತದಾ ಅಂತ ಕೇಳುವ ಪುಟ ಒಳ್ಳೆಯದು. ಮೂರನೆಯದು ಔಷಧ. ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಮಿಲಿಗ್ರಾಂನಲ್ಲಿ ಹೇಳಬೇಕು. ಸುಮ್ನೆ "ಒಂದು ಚಮಚ" ಅಂದರೆ ಸಾಲದು. ಇದಕ್ಕೆ ಕಾರಣ ಗ್ರೂಪುಗಳ ಮಾತು ಬಂದಾಗ ಹೇಳುತ್ತೇನೆ. ಆಮೇಲೆ ಯಾರು ಬರೆದರು, ಯಾವಾಗ ಪರಿಷ್ಕರಿಸಿದರು, ಏನಾದರೂ ಮಾರುತ್ತಿದ್ದಾರಾ ಅಂತ ನೋಡಿ. ಖರ್ಚು ಅಂದರೆ ಬರೀ ದುಡ್ಡಲ್ಲ. ಸಮಯ, ಡೇಟಾ, ಮಗುವಿನ ಖಾಸಗಿ ವಿವರ, ನಿಮ್ಮ ನೆಮ್ಮದಿ, ಎಲ್ಲವೂ ಅದರಲ್ಲಿ ಸೇರಿದೆ.

ನೇರ ಗೂಗಲ್ ಹುಡುಕಾಟ

ಎಲ್ಲಕ್ಕಿಂತ ಬೇಗ, ಪೂರ್ತಿ ಉಚಿತ. ಹಾಗಾಗಿಯೇ ಎಲ್ಲರೂ ಮೊದಲು ಹೋಗುವುದು ಇಲ್ಲಿಗೆ. ತೊಂದರೆ ಏನೆಂದರೆ, ನೀವು ಏನನ್ನು ಹೆದರಿ ಕೇಳುತ್ತೀರೋ ಅದನ್ನೇ ಅದು ತಂದು ಮುಂದಿಡುತ್ತದೆ. "ಜ್ವರ ಮೆದುಳಿಗೆ ಏರುತ್ತದಾ" ಅಂತ ಟೈಪ್ ಮಾಡಿದರೆ ಮೆದುಳಿನ ಕಾಯಿಲೆಗಳೇ ಸಾಲಾಗಿ ಬರುತ್ತವೆ. ಮೈಕ್ರೋಸಾಫ್ಟ್‌ನ ಇಬ್ಬರು ಸಂಶೋಧಕರು 2009ರಲ್ಲಿ ಇದನ್ನೇ ವಿವರವಾಗಿ ತೋರಿಸಿದರು. ಸಾಮಾನ್ಯ ಲಕ್ಷಣದಿಂದ ಶುರುವಾದ ಹುಡುಕಾಟ ಅಪರೂಪದ ದೊಡ್ಡ ಕಾಯಿಲೆಯ ಕಡೆಗೆ ಜಾರುತ್ತಾ ಹೋಗುತ್ತದೆ. ಅಂದಹಾಗೆ, ಸೋಂಕಿನಿಂದ ಬರುವ ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟುವುದೇ ಅಪರೂಪ. ಜ್ವರದ ಬಿಸಿಯೇ ಮೆದುಳನ್ನು ಹಾಳು ಮಾಡುತ್ತದೆ ಅನ್ನುವ ಭಯಕ್ಕೆ ಆಧಾರವಿಲ್ಲ. ಈ ಅತಿಯಾದ ಹೆದರಿಕೆಗೆ ಅಮೆರಿಕದ ಮಕ್ಕಳ ಡಾಕ್ಟರ್ ಬಾರ್ಟನ್ ಶ್ಮಿಟ್ 1980ರಲ್ಲೇ "ಫೀವರ್ ಫೋಬಿಯಾ" ಅಂತ ಹೆಸರಿಟ್ಟಿದ್ದರು. ಆಗ ಇಂಟರ್ನೆಟ್ ಇರಲಿಲ್ಲ. ಹೆದರಿಕೆ ಹಳೆಯದು, ಗೂಗಲ್ ಅದಕ್ಕೆ ವೇಗ ಕೊಟ್ಟಿದೆ ಅಷ್ಟೆ.

ಸಿಗುವ ಪುಟಗಳ ಗುಣಮಟ್ಟ ಹೇಗಿದೆ? ಇಟಲಿಯ ಸಂಶೋಧಕರು 1997ರಲ್ಲಿ ಮಕ್ಕಳ ಜ್ವರವನ್ನು ಮನೆಯಲ್ಲಿ ನೋಡಿಕೊಳ್ಳುವ ಬಗ್ಗೆ ಇದ್ದ 41 ವೆಬ್ ಪುಟಗಳನ್ನು ಪರಿಶೀಲಿಸಿದರು. ಡಾಕ್ಟರುಗಳ ಮುಖ್ಯ ಸಲಹೆಗಳಿಗೆ ಸರಿಯಾಗಿ ಹೊಂದಿದ್ದು ನಾಲ್ಕೇ ನಾಲ್ಕು. ಹೆಚ್ಚಿನ ಎಡವಟ್ಟು ಇದ್ದದ್ದು ಮೈ ಒರೆಸುವ ವಿಷಯದಲ್ಲಿ ಮತ್ತು ಜ್ವರ ಅಳೆಯುವ ರೀತಿಯಲ್ಲಿ. 2010ರಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ಅಧ್ಯಯನ ಬಂತು. ಮಕ್ಕಳ ಆರೋಗ್ಯದ ಐದು ಪ್ರಶ್ನೆಗಳನ್ನು ಗೂಗಲ್‌ಗೆ ಕೊಟ್ಟು 500 ಫಲಿತಾಂಶ ನೋಡಿದರು. ಶೇಕಡಾ 39 ಸರಿ, 11 ತಪ್ಪು, 49 ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಸರ್ಕಾರಿ ಪುಟಗಳು ಎಲ್ಲೂ ತಪ್ಪಲಿಲ್ಲ. ಸುದ್ದಿ ತಾಣಗಳು ಸುಮಾರು ಅರ್ಧದಷ್ಟು ಸರಿ. ಹಣ ಕೊಟ್ಟು ಮೇಲೆ ಬಂದ ಜಾಹೀರಾತು ಪುಟಗಳಲ್ಲಿ ಸರಿ ಉತ್ತರ ಒಂದೂ ಇರಲಿಲ್ಲ. ಆ ಐದರಲ್ಲಿ ಜ್ವರದ ಪ್ರಶ್ನೆ ಇರಲಿಲ್ಲ ನಿಜ. ಆದರೆ ಯಾವ ಥರದ ಪುಟ ಕ್ಲಿಕ್ ಮಾಡಬೇಕು ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ಹಾಗಾಗಿ ಗೂಗಲ್ ಬಳಸುವುದಾದರೆ ಭಯವನ್ನು ಟೈಪ್ ಮಾಡಬೇಡಿ, ವಿವರ ಟೈಪ್ ಮಾಡಿ. "18 ತಿಂಗಳ ಮಗು ಜ್ವರ 39 ಎರಡು ದಿನ ಡಾಕ್ಟರ್ ಯಾವಾಗ" ಅಂತ ಕೊಟ್ಟರೆ "103 ಜ್ವರ ಅಪಾಯ" ಅಂತ ಕೇಳಿದ್ದಕ್ಕಿಂತ ಕೆಲಸಕ್ಕೆ ಬರುವ ಫಲಿತಾಂಶ ಸಿಗುತ್ತದೆ. ಪುಟದ ತಲೆಯಲ್ಲಿ ತಾನಾಗಿ ಮೂಡುವ ಸಾರಾಂಶವನ್ನು ಓದಿ ಅಲ್ಲಿಗೇ ನಿಲ್ಲಿಸಬೇಡಿ. ನಾಲ್ಕಾರು ಪುಟಗಳಿಂದ ಹೆಕ್ಕಿ ಕಟ್ಟಿದ್ದು ಅದು. ಹೆಕ್ಕುವಾಗ ವಯಸ್ಸಿನ ಷರತ್ತು ಬಿಟ್ಟುಹೋದರೆ ಉಳಿದದ್ದಕ್ಕೆ ಬೆಲೆ ಇಲ್ಲ.

ಸರ್ಕಾರಿ ಮತ್ತು ಮಕ್ಕಳ ಆಸ್ಪತ್ರೆಗಳ ಪುಟಗಳು

ನನ್ನ ಮೊದಲ ಆಯ್ಕೆ ಇದೇ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ನಡೆಸುವ ಹೆಲ್ತಿಚಿಲ್ಡ್ರನ್, ಅಮೆರಿಕ ಸರ್ಕಾರದ ಮೆಡ್‌ಲೈನ್‌ಪ್ಲಸ್, ಮೆಲ್ಬರ್ನಿನ ರಾಯಲ್ ಚಿಲ್ಡ್ರನ್ಸ್ ಹಾಸ್ಪಿಟಲ್, ಇವೆಲ್ಲ ಜ್ವರದ ಬಗ್ಗೆ ಉಚಿತ ಪುಟಗಳನ್ನು ಇಟ್ಟಿವೆ. ವಯಸ್ಸು, ಅಪಾಯದ ಲಕ್ಷಣ, ಪರಿಷ್ಕರಿಸಿದ ದಿನಾಂಕ, ಎಲ್ಲ ಇರುತ್ತದೆ. ಹಳೆಯ ತಪ್ಪು ನಂಬಿಕೆಗಳನ್ನು ತಿದ್ದುವುದೂ ಇಲ್ಲೇ. ಮೈಯೆಲ್ಲ ಒದ್ದೆ ಬಟ್ಟೆಯಿಂದ ಒರೆಸಬೇಕಿಲ್ಲ, ಜ್ವರದ ಔಷಧ ಕೊಟ್ಟರೆ ಫಿಟ್ಸ್ ತಡೆಯಬಹುದು ಅನ್ನುವುದು ನಿಜವಲ್ಲ, ಔಷಧ ಕೊಡುವುದು ಮಗುವಿಗೆ ಹಾಯೆನಿಸಲಿ ಅಂತ, ಥರ್ಮಾಮೀಟರಿನ ಅಂಕಿ ಇಳಿಸಲಿಕ್ಕಲ್ಲ. ಇಂಥ ಮಾತನ್ನು ಗ್ರೂಪಿನಲ್ಲಿ ಹೇಳಿ ನೋಡಿ, ಜಗಳವೇ ಆಗುತ್ತದೆ.

ಹಾಗಂತ ದೋಷ ಇಲ್ಲ ಅಂತಲ್ಲ. ಭಾಷೆ ಒಣಒಣ, ಹೆಚ್ಚಿನವು ಇಂಗ್ಲಿಷ್. ಅನುವಾದದ ಬಟನ್ ಒತ್ತಿ ಓದುವವರು ಅಂಕಿಗಳನ್ನು ಮೂಲ ಪುಟದಲ್ಲಿ ಇನ್ನೊಮ್ಮೆ ನೋಡಿ. ಅಮೆರಿಕದ ಪುಟಗಳಲ್ಲಿ ಬರುವ ಅಸೆಟಾಮಿನೋಫೆನ್ ಅನ್ನುವುದು ಪ್ಯಾರಾಸಿಟಮಾಲೇ. ಬೇರೆ ಔಷಧ ಅಂದುಕೊಂಡು ಎರಡನ್ನೂ ಕೊಟ್ಟರೆ ಪ್ರಮಾಣ ದುಪ್ಪಟ್ಟಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಪುಟಗಳು ತಮ್ಮ ತಮ್ಮ ದೇಶದ ಕಾಯಿಲೆಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಡೆಂಗ್ಯೂ, ಮಲೇರಿಯಾ ಇರುವ ಜಾಗದಲ್ಲಿ ನೀವಿದ್ದರೆ ಲೆಕ್ಕ ಬದಲಾಗುತ್ತದೆ. ಡೆಂಗ್ಯೂನಲ್ಲಿ ಅಪಾಯದ ಹೊತ್ತು ಬರುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ತೀರಾ ಸುಸ್ತು ಕಂಡರೆ ತಡಮಾಡುವಂತಿಲ್ಲ. "ಜ್ವರ ಬಿಟ್ಟಿತು, ಇನ್ನೇನು ಗುಣ ಆಯಿತು" ಅಂತ ಅಲ್ಲಿ ಹೇಳಲಾಗದು. ಡೆಂಗ್ಯೂ ಅನುಮಾನ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ. (ಆಸ್ಪಿರಿನ್ ಅಂತೂ ರೈಸ್ ಸಿಂಡ್ರೋಮ್ ಅನ್ನುವ ಅಪರೂಪದ ಆದರೆ ಭಾರೀ ತೊಂದರೆಯ ಕಾರಣಕ್ಕೆ ಯಾವ ಜ್ವರಕ್ಕೂ ಮಕ್ಕಳಿಗೆ ಡಾಕ್ಟರ್ ಹೇಳದೆ ಕೊಡುವಂತಿಲ್ಲ.) ಈ ವಿಷಯಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪುಟ ಅಥವಾ ನಿಮ್ಮದೇ ಆರೋಗ್ಯ ಇಲಾಖೆಯ ಪುಟ ನೋಡಿ. ನೋಡಲು ಚಂದ ಇಲ್ಲದಿದ್ದರೂ ನಿಮ್ಮ ಸುತ್ತಲಿನ ಕಾಯಿಲೆ ಅದರಲ್ಲಿ ಇರುತ್ತದೆ.

ಲಕ್ಷಣ ಕೇಳಿ ಉತ್ತರ ಹೇಳುವ ಆ್ಯಪ್‌ಗಳು

ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತವೆ, ಅದು ಒಳ್ಳೆಯ ಗುಣ. ನಿಮಗೆ ಹೊಳೆಯದ ಪ್ರಶ್ನೆಯನ್ನೂ ಕೇಳುತ್ತವೆ. ಆದರೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2015ರಲ್ಲಿ ಬಂದ ಅಧ್ಯಯನದಲ್ಲಿ ಇಂಥ 23 ಸಾಧನಗಳು ಸರಿಯಾದ ಕಾಯಿಲೆಯನ್ನು ಮೊದಲ ಉತ್ತರವಾಗಿ ಹೇಳಿದ್ದು ಶೇಕಡಾ 34 ಸಲ ಮಾತ್ರ. ಎಲ್ಲಿಗೆ ಹೋಗಬೇಕು, ಎಷ್ಟು ಬೇಗ ಅನ್ನುವ ಸಲಹೆ ಶೇಕಡಾ 57ರಷ್ಟು ಸರಿಯಾಗಿತ್ತು. ತುರ್ತು ಸಂದರ್ಭಗಳಲ್ಲಿ ಅದು 80ಕ್ಕೆ ಏರಿತು. ಅಂದರೆ "ಓಡಿ" ಅನ್ನುವಾಗ ಹೆಚ್ಚು ಸರಿ, "ಮನೆಯಲ್ಲೇ ಇರಿ" ಅನ್ನಬೇಕಾದಾಗಲೂ ಎಷ್ಟೋ ಸಲ ಓಡಿಸುತ್ತವೆ. ಸುಮ್ನೆ ಓಡಿಸಿಕೊಂಡರೂ ಪರವಾಗಿಲ್ಲ ಅನ್ನುವವರಿಗೆ ಸರಿ. ಆಸ್ಪತ್ರೆ ದೂರ ಇರುವವರಿಗೆ, ಹೋಗಿ ಬರುವ ಖರ್ಚು ಭಾರ ಆಗುವವರಿಗೆ ಕಷ್ಟ. ಮಕ್ಕಳಿಗಾಗಿಯೇ ಮಾಡಿದ್ದು ಅಲ್ಲದಿದ್ದರೆ ಬಳಸಲೇಬೇಡಿ. ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನಾಂಕ ಕೇಳಿದರೆ ಕೊಡಬೇಕಾದ ಅಗತ್ಯವೂ ಇಲ್ಲ. ತಿಂಗಳ ಲೆಕ್ಕದಲ್ಲಿ ವಯಸ್ಸು ಸಾಕು.

ಗ್ರೂಪುಗಳು

ಧೈರ್ಯ ಹೇಳುವುದರಲ್ಲಿ ಇವನ್ನು ಮೀರಿಸಿದ್ದು ಇನ್ನೊಂದಿಲ್ಲ. ರಾತ್ರಿ ಎರಡು ಗಂಟೆಗೂ ಯಾರೋ ಒಬ್ಬರು ಎದ್ದಿರುತ್ತಾರೆ. "ನಮ್ಮ ಮಗುವಿಗೂ ಹೀಗೇ ಆಗಿತ್ತು, ಮೂರು ದಿನದಲ್ಲಿ ಇಳಿಯಿತು" ಅನ್ನುವ ಒಂದು ಸಾಲು ಕೊಡುವ ಸಮಾಧಾನವನ್ನು ಯಾವ ಆಸ್ಪತ್ರೆ ಪುಟವೂ ಕೊಡುವುದಿಲ್ಲ. ಆದರೆ ಅವರ ಮಗು ನಿಮ್ಮ ಮಗು ಅಲ್ಲ.

ನಿಜವಾದ ಅಪಾಯ ಇರುವುದು ಔಷಧದ ಅಳತೆಯಲ್ಲಿ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಒಂದು ಸಲಕ್ಕೆ, ಮಗುವಿನ ತೂಕದ ಪ್ರತಿ ಕೆಜಿಗೆ 10ರಿಂದ 15 ಮಿಲಿಗ್ರಾಂ ಲೆಕ್ಕ. 10 ಕೆಜಿ ಮಗುವಿಗೆ ಡಾಕ್ಟರ್ ಒಂದು ಸಲಕ್ಕೆ 150 ಮಿಲಿಗ್ರಾಂ ಹೇಳಿದ್ದಾರೆ ಅಂದುಕೊಳ್ಳಿ. 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದರೆ ಅದು 6.25 ಎಂಎಲ್. 5 ಎಂಎಲ್‌ನಲ್ಲಿ 250 ಇರುವುದಾದರೆ 3 ಎಂಎಲ್. 1 ಎಂಎಲ್‌ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್ ಮಾತ್ರ. ಈಗ ಗ್ರೂಪಿನಲ್ಲಿ ಯಾರೋ "ನಾವು 6 ಎಂಎಲ್ ಕೊಡ್ತೀವಿ" ಅಂದರು, ನೀವು ಅದನ್ನೇ ಡ್ರಾಪ್ಸ್‌ನಲ್ಲಿ ಅಳೆದಿರಿ. ಬೇಕಾದದ್ದರ ನಾಲ್ಕು ಪಟ್ಟು ಮಗುವಿನ ಹೊಟ್ಟೆ ಸೇರಿತು. ಇದು ಲಿವರಿಗೆ ಹೊಡೆತ ಕೊಡುವ ವಿಷಯ. ಆದ್ದರಿಂದ ನಿಮ್ಮ ಕೈಯಲ್ಲಿರುವ ಬಾಟಲಿಯ ಲೇಬಲ್ ಓದದೆ ಯಾರ ಎಂಎಲ್ ಮಾತನ್ನೂ ಕೇಳಬೇಡಿ. ಹಿಂದಿನ ಸಲದ ಆ್ಯಂಟಿಬಯಾಟಿಕ್ ಉಳಿದಿದ್ದರೆ ಕೊಡಿ ಅನ್ನುವವರು ಪ್ರತಿ ಗ್ರೂಪಿನಲ್ಲೂ ಒಬ್ಬರಿರುತ್ತಾರೆ. ಹೆಚ್ಚಿನ ಮಕ್ಕಳ ಜ್ವರ ವೈರಸ್ಸಿನದು, ಅದರ ಮೇಲೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ.

ವಿಡಿಯೊ

ನಿರ್ಧಾರಕ್ಕೆ ಬೇಡ, ಕಣ್ಣಿಗೆ ಪಾಠ ಆಗಲು ಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಸೆಳೆಯುವುದು ಹೇಗಿರುತ್ತದೆ ಅಂತ ಪುಟಗಟ್ಟಲೆ ಓದಿದರೂ ಅರ್ಥ ಆಗುವುದಿಲ್ಲ, ಆಸ್ಪತ್ರೆಯೊಂದು ಹಾಕಿದ ಅರ್ಧ ನಿಮಿಷದ ವಿಡಿಯೊದಲ್ಲಿ ಅರ್ಥ ಆಗುತ್ತದೆ. ಫಿಟ್ಸ್ ಬಂದಾಗ ಮಗುವನ್ನು ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು, ಸಮಯ ನೋಡಿಕೊಳ್ಳುವುದು ಕೂಡ ಹಾಗೇ. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಇವನ್ನು ಮಗು ಹುಷಾರಾಗಿರುವಾಗಲೇ ನೋಡಿಟ್ಟುಕೊಳ್ಳಿ.

ಚಾಟ್‌ಬಾಟ್

ಈಗ ಜಾಸ್ತಿ ಜನ ಕೇಳುವುದು ಇದರ ಬಗ್ಗೆಯೇ. ನಮ್ಮ ಭಾಷೆಯಲ್ಲೇ ಕೇಳಬಹುದು, ಸಿಡುಕುವುದಿಲ್ಲ, ಎಷ್ಟು ಸಲ ಕೇಳಿದರೂ ಹೇಳುತ್ತದೆ. ಮಕ್ಕಳ ಕಾಯಿಲೆಯ 100 ಪ್ರಕರಣಗಳನ್ನು ಚಾಟ್‌ಜಿಪಿಟಿಗೆ ಕೊಟ್ಟ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. 83ರಲ್ಲಿ ಅದು ಎಡವಿತ್ತು. ಅವೆಲ್ಲ ಡಾಕ್ಟರುಗಳೇ ತಲೆ ಕೆರೆದುಕೊಳ್ಳುವಂಥ ಕಷ್ಟದ ಪ್ರಕರಣಗಳು, ಅದೂ ಅಂದಿನ ಆವೃತ್ತಿ ಅನ್ನುವುದನ್ನೂ ಹೇಳಬೇಕು. ಆದರೂ ನನ್ನ ತಕರಾರು ಬೇರೆ. ನೀವು ಕೇಳದ್ದನ್ನು ಅದು ಕೇಳುತ್ತದೆ ಅನ್ನುವ ಭರವಸೆ ಇಲ್ಲ. ಡಾಕ್ಟರ್ ಆದರೆ ಮೊದಲು "ಎಷ್ಟು ತಿಂಗಳ ಮಗು?" ಅನ್ನುತ್ತಾರೆ. ಚಾಟ್‌ಬಾಟ್ ನೀವು ಕೊಟ್ಟ ಅರ್ಧ ವಿವರದ ಮೇಲೇ ಪೂರ್ತಿ ಧೈರ್ಯದಿಂದ ಉತ್ತರ ಕಟ್ಟಬಹುದು. ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ದನಿ ಒಂದೇ.

ಬಳಸುವುದಾದರೆ ಹೀಗೆ ಬಳಸಿ: ವಯಸ್ಸು, ತೂಕ, ಎಷ್ಟು ದಿನದ ಜ್ವರ, ಕುಡಿಯುವುದು ಹೇಗಿದೆ ಅಂತ ಎಲ್ಲ ಕೊಟ್ಟು, "ಉತ್ತರಿಸುವ ಮೊದಲು ನಿನಗೆ ಇನ್ನೇನು ಗೊತ್ತಾಗಬೇಕು ಕೇಳು" ಅನ್ನಿ. ಡಾಕ್ಟರ್ ಹೇಳಿದ ಕಷ್ಟದ ಮಾತನ್ನು ಬಿಡಿಸಿ ಹೇಳಿಸಿಕೊಳ್ಳಿ. ಇಂಗ್ಲಿಷ್ ಪುಟವನ್ನು ಸುಲಭ ಮಾತಿಗೆ ತರಿಸಿ. ಔಷಧದ ಲೆಕ್ಕವನ್ನು ಮಾತ್ರ ಅದರ ಕೈಗೆ ಬಿಡಬೇಡಿ.

ಆನ್‌ಲೈನ್ ಡಾಕ್ಟರ್

ದುಡ್ಡು ಖರ್ಚಾಗುತ್ತದೆ, ಆದರೆ ತಿರುಗಿ ಪ್ರಶ್ನೆ ಕೇಳುವ ಮನುಷ್ಯರು ಸಿಗುತ್ತಾರೆ. ಮಕ್ಕಳ ಡಾಕ್ಟರೇ ಆಗಿರಲಿ. ಕಿವಿಯೊಳಗೆ ನೋಡಲು, ಎದೆಗೆ ಸ್ಟೆತೊಸ್ಕೋಪ್ ಇಡಲು ಅವರಿಗೆ ಆಗುವುದಿಲ್ಲ. ಹಾಗಾಗಿ ಮೂರು ತಿಂಗಳೊಳಗಿನ ಮಗುವಿಗೆ ಇದು ಪರ್ಯಾಯ ಅಲ್ಲ. ಆರು ತಿಂಗಳು ದಾಟಿ, ಆಡಿಕೊಂಡಿರುವ, ಆದರೆ ಜ್ವರ ಎರಡು ಮೂರು ದಿನದಿಂದ ಬಿಡದ ಮಗುವಿನ ವಿಷಯದಲ್ಲಿ ಇದಕ್ಕೆ ಕೊಟ್ಟ ಹಣ ದಂಡ ಅಲ್ಲ.

ನಿಮಗೆ ಯಾವುದು?

ಮೊದಲ ಮಗು, ಇನ್ನೂ ಪುಟ್ಟದು ಅಂದರೆ ಹುಡುಕಾಟವೇ ಬೇಡ. ಒಂದು ಆಸ್ಪತ್ರೆ ಪುಟವನ್ನು ಇವತ್ತೇ ಓದಿ, ಡಾಕ್ಟರ ನಂಬರ್ ಮತ್ತು ತುರ್ತು ನಂಬರ್ ಬರೆದಿಟ್ಟುಕೊಳ್ಳಿ. ಬೇಗ ಗಾಬರಿಯಾಗುವವರಿಗೆ ಲಕ್ಷಣದ ಆ್ಯಪ್ ಮತ್ತು ನೇರ ಗೂಗಲ್ ಎರಡೂ ಕೆಟ್ಟ ಆಯ್ಕೆ. ಉಳಿಸಿಟ್ಟ ಒಂದು ಪುಟ ಬಿಟ್ಟು ಬೇರೆ ತೆರೆಯಬೇಡಿ, ಬೇಕಾದರೆ ಗ್ರೂಪಿನಲ್ಲಿ ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳಿ. ನೆಟ್‌ವರ್ಕ್ ಸರಿ ಇಲ್ಲದವರು, ಮಗುವನ್ನು ಅಜ್ಜಿ ತಾತನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುವವರು ಅದೇ ಪುಟದ ಅಪಾಯದ ಲಕ್ಷಣಗಳನ್ನು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಔಷಧದ ಪಕ್ಕದಲ್ಲಿಡಿ. ಆಸ್ಪತ್ರೆ ದೂರ ಇದ್ದರೆ ಉಳಿದವರಿಗಿಂತ ಒಂದು ಹೆಜ್ಜೆ ಮೊದಲೇ ಹೊರಡುವ ಲೆಕ್ಕ ಇಟ್ಟುಕೊಳ್ಳಿ, ರಾತ್ರಿ ಹೊರಡುವುದಕ್ಕಿಂತ ಸಂಜೆಯೇ ಹೊರಡುವುದು ಸುಲಭ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಆ್ಯಪ್‌ಗೆ ಚಂದಾ ಕಟ್ಟುವ ಬದಲು ಒಂದು ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಹಣೆಗೆ ಅಂಟಿಸುವ ಪಟ್ಟಿಯನ್ನು ನಂಬುವಂತಿಲ್ಲ. ಸ್ವಲ್ಪ ಜಾಸ್ತಿ ಇದ್ದರೆ ಆನ್‌ಲೈನ್ ಡಾಕ್ಟರಿಗೆ ಇಡಿ.

ಯಾವ ದಾರಿ ಹಿಡಿದರೂ ಕಡೆಗೆ ಡಾಕ್ಟರ ಜೊತೆ ಮಾತಾಡಬೇಕಾಗಬಹುದು. ಫೋನಿನಲ್ಲಿ ಇಷ್ಟನ್ನು ಬರೆದಿಟ್ಟುಕೊಂಡಿರಿ: ತಿಂಗಳ ಲೆಕ್ಕದಲ್ಲಿ ವಯಸ್ಸು, ಇತ್ತೀಚಿನ ತೂಕ, ಜ್ವರ ಶುರುವಾದ ದಿನ, ಎಲ್ಲಿ ಅಳೆದಿರಿ (ಕಂಕುಳಾ, ಕಿವಿಯಾ), ಕಡೆಯ ಸಲ ಮೂತ್ರ ಮಾಡಿದ್ದು ಯಾವಾಗ, ಯಾವ ಔಷಧ ಎಷ್ಟು ಮಿಲಿಗ್ರಾಂ ಎಷ್ಟು ಗಂಟೆಗೆ. ಮಗು ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ ಅದನ್ನೂ ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಉಸಿರು ಜೋರಾಗಿದೆ ಅಂತ ಅರ್ಥ. ಅಷ್ಟಿದ್ದರೆ ಮಾತು ಶುರು ಮಾಡುವಾಗ ಮೊದಲು ಅದನ್ನೇ ಹೇಳಿ.